ಡ್ರೈವರ್ ಮೂರು ಸಲ ಹಾಕಿದೆ, ಆದರೂ ಗೇಮ್ ನಡುವೆ ಸ್ಕ್ರೀನ್ ಕಪ್ಪಾಗುತ್ತದೆ

ಪ್ರಶ್ನೆ (ಕಲಬುರಗಿ): ನಮಸ್ಕಾರ ಸರ್. ಹೋದ ತಿಂಗಳು ಸೆಕೆಂಡ್ ಹ್ಯಾಂಡ್ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡು ತಗೊಂಡು ಹಳೇ ಕಂಪ್ಯೂಟರಿಗೇ ಹಾಕಿಸಿದೆ. ಪವರ್ ಸಪ್ಲೈ 450 ವಾಟ್‌ದು. ಗೇಮ್ ಶುರುವಾಗಿ ಹತ್ತು ಹದಿನೈದು ನಿಮಿಷಕ್ಕೆ ಸ್ಕ್ರೀನ್ ಕಪ್ಪಾಗುತ್ತದೆ. ಎರಡು ಮೂರು ಸೆಕೆಂಡಿಗೆ ಡೆಸ್ಕ್‌ಟಾಪ್ ವಾಪಸ್ ಬರುತ್ತದೆ, ಗೇಮ್ ಮಾತ್ರ ಮುಚ್ಚಿರುತ್ತದೆ. ವಿಡಿಯೋ ನೋಡಿದರೆ ಏನೂ ಆಗಲ್ಲ. ಡ್ರೈವರ್, ಅಂದರೆ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್, ಮೂರು ಸಲ ಹಾಕಿದೆ. ವಿಂಡೋಸ್ ಕೂಡ ಹೊಸದಾಗಿ ಹಾಕಿಸಿದೆ, ಅದಕ್ಕೆ 500 ರೂಪಾಯಿ ಹೋಯಿತು. ನಮ್ಮೂರ ಬಿಸಿಲಿಗೆ ಹೀಗಾಗುತ್ತಾ?

ಉತ್ತರ: ಬಿಸಿಲನ್ನೂ ನೋಡೋಣ, ಆದರೆ ಮೊದಲು ಒಂದು ಮಾತು. ಮೂರು ಸಲ ಹಾಕಿದ ಮೇಲೂ ಡ್ರೈವರ್ ಬೀಳುತ್ತಿದೆ ಅಂದರೆ ನಾಲ್ಕನೇ ಸಲ ಹಾಕಬೇಡಿ. ಕಾರ್ಡು ಎರಡು ಸೆಕೆಂಡು ಉತ್ತರ ಕೊಡದಿದ್ದರೆ ವಿಂಡೋಸ್ ತಾನೇ ಡ್ರೈವರನ್ನು ರೀಸೆಟ್ ಮಾಡುತ್ತದೆ. ನಿಮಗೆ ಕಾಣುವ ಕಪ್ಪು ಸ್ಕ್ರೀನ್ ಅದೇ. ಡ್ರೈವರ್ ಬರೀ ಸುದ್ದಿ ತಂದವನು, ತಪ್ಪು ಮಾಡಿದವನು ಹಿಂದೆ ಬೇರೆ ಇರಬಹುದು. ವಿಂಡೋಸಿನ ಒಳಗಿನ ಸೆಟ್ಟಿಂಗ್ ಪಟ್ಟಿಯಾದ ರಿಜಿಸ್ಟ್ರಿಯಲ್ಲಿ ಆ ಎರಡು ಸೆಕೆಂಡನ್ನು ಹತ್ತು ಮಾಡಿ ಅಂತ ಸಲಹೆ ಕೊಡುವವರು ಸಿಗುತ್ತಾರೆ. ಗೇಮ್ ಆಡುವವರಿಗೆ ಅದರಿಂದ ಲಾಭ ಇಲ್ಲ, ಕಪ್ಪು ಸ್ಕ್ರೀನಿನ ಬದಲು ಹೆಪ್ಪುಗಟ್ಟಿದ ಸ್ಕ್ರೀನ್ ನೋಡುತ್ತೀರಿ ಅಷ್ಟೆ.

ಕಂಪ್ಯೂಟರಿನಲ್ಲಿ ಆದದ್ದನ್ನೆಲ್ಲ ವಿಂಡೋಸ್ ಬರೆದಿಡುವ ಈವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್ ಒಳಗೆ ಸಿಸ್ಟಮ್ ನೋಡಿ. ಗೇಮ್ ಬಿದ್ದ ಹೊತ್ತಿಗೆ ಈವೆಂಟ್ ನಂಬರ್ 4101 ಇದೆಯೋ, 41 ಇದೆಯೋ? 4101 ಅಂದರೆ ಡ್ರೈವರ್ ನಿಂತು ಮತ್ತೆ ಎದ್ದಿದೆ. 41 ಅಂದರೆ ಇಡೀ ಕಂಪ್ಯೂಟರೇ ಸರಿಯಾಗಿ ಶಟ್‌ಡೌನ್ ಆಗದೆ ಆಫ್ ಆಗಿದೆ. ಕರೆಂಟ್ ಹೋಗಿ ಇನ್ವರ್ಟರಿಗೆ ಬದಲಾಗುವಾಗ ಬರೋದು ಸಾಮಾನ್ಯವಾಗಿ ಎರಡನೆಯದು. ಜೊತೆಗೆ ಗೇಮ್ ಆಡುವಾಗ ಕಾರ್ಡಿನ ಶಾಖ ಎಷ್ಟು, ಬರೆದು ಹಾಕಿ.

ಪ್ರಶ್ನೆ ಕೇಳಿದವರು: 4101 ನಾಲ್ಕು ಸಲ ಇದೆ ಸರ್, 41 ಇಲ್ಲ. ಶಾಖ 78 ಡಿಗ್ರಿ. ಪಕ್ಕದಲ್ಲೇ ಏರ್ ಕೂಲರ್ ಇಟ್ಟಿದ್ದೇನೆ.

ಉತ್ತರ: ಹಾಗಾದರೆ ಬಿಸಿಲಿನ ಮೇಲೆ ಗೂಬೆ ಕೂರಿಸುವುದು ಬೇಡ. ಈ ಕಾರ್ಡಿನ ಮಿತಿ 93 ಡಿಗ್ರಿ. ನಮ್ಮಲ್ಲಿ ಏಪ್ರಿಲ್, ಮೇನಲ್ಲಿ ಹೊರಗೆ 42, 43 ಇರುವಾಗ 78 ದೊಡ್ಡ ವಿಷಯ ಅಲ್ಲ. ಕೂಲರ್ ಮಾತ್ರ ದೂರ ಸರಿಸಿ. ಅದರ ಹಸಿ ಗಾಳಿಗೆ ಒಳಗಿನ ಧೂಳು ಕೆಸರಿನಂತೆ ಅಂಟುತ್ತದೆ, ಬ್ರಷ್‌ಗೂ ಬರಲ್ಲ. ಶಹಾಬಾದ್ ಕಡೆಯಿಂದ ಬರುವ ಮಷೀನುಗಳಲ್ಲಿ ಕಲ್ಲಿನ ಪುಡಿ ಹೀಗೆ ಗಟ್ಟಿಯಾಗಿ ಕೂತಿದ್ದು ನೋಡಿದ್ದೇನೆ.

ಈಗ ದುಡ್ಡು ಖರ್ಚಿಲ್ಲದ ಒಂದು ಪರೀಕ್ಷೆ. ಕಾರ್ಡಿನ ಸೆಟ್ಟಿಂಗ್ ಬದಲಿಸುವ ಆಫ್ಟರ್‌ಬರ್ನರ್ ಸಾಫ್ಟ್‌ವೇರ್ ಹಾಕಿಕೊಂಡು ಪವರ್ ಲಿಮಿಟ್ ಶೇಕಡಾ 70ಕ್ಕೆ ಇಳಿಸಿ. 170 ವಾಟ್ ಎಳೆಯುವ ಕಾರ್ಡು 120ರ ಹತ್ತಿರ ನಿಲ್ಲುತ್ತದೆ. ಅದೇ ಗೇಮ್ ಒಂದು ಗಂಟೆ ಆಡಿ. ಆಮೇಲೆ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಕಾರ್ಡಿಗೆ ಬರುವ ಪವರ್ ವೈರಿನ ಫೋಟೋ ಕಳಿಸಿ.

ಇನ್ನೊಬ್ಬ ಸದಸ್ಯರು (ಯಾದಗಿರಿ): ನಡುವೆ ಬಾಯಿ ಹಾಕ್ತೀನಿ, ಕ್ಷಮಿಸಿ. ನನಗೂ ಇದೇ ತೊಂದರೆ, ಆದರೆ ವಿಂಡೋಸ್ ಅಪ್‌ಡೇಟ್ ಆದ ದಿನದಿಂದ. ಅಲ್ಲಿವರೆಗೂ ಎರಡು ವರ್ಷ ಚೆನ್ನಾಗಿತ್ತು.

ಉತ್ತರ: ನಿಮ್ಮದು ನಿಜವಾಗಿ ಡ್ರೈವರಿನದೇ ಇರಬಹುದು. ಮೊದಲೇ ಡಿಡಿಯು (ಡ್ರೈವರನ್ನು ಪೂರ್ತಿ ಅಳಿಸುವ ಸಾಫ್ಟ್‌ವೇರ್) ಮತ್ತು ಮುಂಚೆ ಸರಿಯಾಗಿದ್ದ ಡ್ರೈವರ್ ಆವೃತ್ತಿ ಇಳಿಸಿಟ್ಟುಕೊಳ್ಳಿ. ಇಂಟರ್ನೆಟ್ ತೆಗೆದು ಸೇಫ್ ಮೋಡಿಗೆ ಹೋಗಿ ಡಿಡಿಯುದಿಂದ ಹಳೆಯದನ್ನು ಪೂರ್ತಿ ಕಿತ್ತು ಹಾಕಿ. ರೀಸ್ಟಾರ್ಟ್ ಮಾಡಿ, ಇಳಿಸಿಟ್ಟ ಆವೃತ್ತಿ ಹಾಕಿದ ಮೇಲೆಯೇ ಇಂಟರ್ನೆಟ್ ಕೊಡಿ. ಇಲ್ಲಾಂದ್ರೆ ನೀವು ಟೀ ಕುಡಿದು ಬರುವಷ್ಟರಲ್ಲಿ ವಿಂಡೋಸ್ ತನ್ನದನ್ನು ತೂರಿಸಿರುತ್ತದೆ.

ಪ್ರಶ್ನೆ ಕೇಳಿದವರು: ಸರ್, 70ಕ್ಕೆ ಇಳಿಸಿ ಎರಡು ತಾಸು ಆಡಿದೆ. ಒಂದು ಸಲನೂ ಬೀಳಲಿಲ್ಲ! ಫೋಟೋ ಹಾಕಿದ್ದೇನೆ. ಪವರ್ ಸಪ್ಲೈಯಿಂದ ಆರು ಪಿನ್ ಬರುತ್ತದೆ, ಕಾರ್ಡಿಗೆ ಎಂಟು ಬೇಕು. ನಡುವೆ ಅಂಗಡಿಯವರು ಒಂದು ಕನ್ವರ್ಟರ್ ಹಾಕಿಕೊಟ್ಟಿದ್ದರು.

ಉತ್ತರ: ಸಿಕ್ಕಿತು ನೋಡಿ. ಫೋಟೋ ದೊಡ್ಡದು ಮಾಡಿ ನೋಡಿದೆ. ಕನ್ವರ್ಟರಿನ ಬಿಳಿ ತುದಿ ಒಂದು ಮೂಲೆಯಲ್ಲಿ ಜೋಳದ ರೊಟ್ಟಿ ಸುಟ್ಟ ಬಣ್ಣಕ್ಕೆ ತಿರುಗಿದೆ, ಅಲ್ವಾ? ಅಲ್ಲಿ ಬಿಸಿಯಾಗಿದೆ. ಲೆಕ್ಕ ಹಾಕಿ. ಆರು ಪಿನ್ನಿನ ಲೆಕ್ಕ 75 ವಾಟ್. ಮದರ್‌ಬೋರ್ಡಿನ ಸ್ಲಾಟ್ ಕೊಡೋದು ಹೆಚ್ಚೆಂದರೆ 75. ಎರಡೂ ಸೇರಿ 150. ಕಾರ್ಡು ಕೇಳೋದು 170. ಎಂಟು ಪಿನ್ ಒಂದಕ್ಕೇ 150 ಅಂತ ನಂಬಿಕೊಂಡು ಎಳೆಯುತ್ತದೆ, ಹಿಂದೆ ಅಷ್ಟು ಇಲ್ಲ. ಗೇಮ್ ಜೋರಾದಾಗ ವೋಲ್ಟೇಜ್ ಕುಸಿಯುತ್ತದೆ, ಕಾರ್ಡು ಬಾಯಿ ಮುಚ್ಚುತ್ತದೆ, ಬೈಗುಳ ಡ್ರೈವರಿಗೆ.

ಇವತ್ತೇ ಅದನ್ನು ತೆಗೆಯಿರಿ. 70ಕ್ಕೆ ಇಟ್ಟು ಹೀಗೇ ನಡೆಸ್ತೀನಿ ಅನ್ನಬೇಡಿ, ಸುಟ್ಟ ಪ್ಲಾಸ್ಟಿಕ್ ನಂಬುವ ವಸ್ತು ಅಲ್ಲ. ಈ ಕಾರ್ಡಿಗೆ ಕಂಪನಿಯೇ ಹೇಳೋದು 550 ವಾಟ್. ಎಂಟು ಪಿನ್ ಅದರಲ್ಲೇ ಬರುವ ಒಳ್ಳೆ ಪವರ್ ಸಪ್ಲೈ ತಗೊಳ್ಳಿ. ಡಬ್ಬದ ಮೇಲೆ ಬರೆದ ವಾಟ್ ಅಷ್ಟೇ ನೋಡಬೇಡಿ, 12 ವೋಲ್ಟ್ ಸಾಲಿನಲ್ಲಿ ಎಷ್ಟು ಕೊಡುತ್ತದೆ ಅಂತ ಲೇಬಲ್ ಓದಿ.

ಪ್ರಶ್ನೆ ಕೇಳಿದವರು: ಹೊಸದು ಹಾಕಿಸಿ ನಾಲ್ಕು ದಿನ ಆಯಿತು ಸರ್, ಪವರ್ ಲಿಮಿಟ್ ಮತ್ತೆ 100. ಲಾಗ್‌ನಲ್ಲಿ 4101 ಇಲ್ಲ. ಹಳೇದನ್ನ ತಮ್ಮನ ಕಂಪ್ಯೂಟರಿಗೆ ಹಾಕಬಹುದಾ? ಅದರಲ್ಲಿ ಕಾರ್ಡಿಲ್ಲ.

ಉತ್ತರ: ಅದರ ಸ್ವಂತ ವೈರು, ಪಿನ್ನು ಎಲ್ಲೂ ಕಂದಿಲ್ಲ ಅಂದರೆ ಹಾಕಿ. ಕನ್ವರ್ಟರ್ ಮಾತ್ರ ಡ್ರಾಯರಿನಲ್ಲಿ ಇಡಬೇಡಿ, ಮುಂದಿನ ವರ್ಷ ಯಾರೋ ಹುಡುಕಿ ಹಾಕುತ್ತಾರೆ. ಕತ್ತರಿಸಿ ಎಸೆಯಿರಿ.