ಎಕ್ಸ್‌ರೇ ಕೋರ್ಸ್ ಸೇರುವ ಮುಂಚೆ ಮನೆಯಲ್ಲಿ ಏನು ಕಲಿಯಲಿ?

ರೋಣದ ಹುಡುಗಿ:

ಎಲ್ಲರಿಗೂ ನಮಸ್ಕಾರ. ನಮ್ಮದು ರೋಣದ ಹತ್ತಿರ ಒಂದು ಹಳ್ಳಿ. ಈ ವರ್ಷ ಪಿಯುಸಿ ಸೈನ್ಸ್ ಮುಗಿಸಿದೆ. ಬಿ.ಎಸ್ಸಿ. ಮೆಡಿಕಲ್ ಇಮೇಜಿಂಗ್ ಓದಬೇಕು ಅಂತ ಗಟ್ಟಿ ಮನಸ್ಸು ಮಾಡಿದ್ದೇನೆ. ಹೋದ ವರ್ಷ ನಮ್ಮಜ್ಜ ಬಿದ್ದು ಸೊಂಟ ಮುರಿದುಕೊಂಡಾಗ ಹುಬ್ಬಳ್ಳಿಗೆ ಕರೆದೊಯ್ದಿದ್ದೆವು. ಎಕ್ಸ್‌ರೇ ರೂಮಿನ ಅಕ್ಕ ಅಜ್ಜನ ಕಾಲು ಎಳೆಯಲಿಲ್ಲ, ಹೊರಳಿಸಲಿಲ್ಲ. ಮೆಷಿನ್ನನ್ನೇ ಅಡ್ಡ ತಿರುಗಿಸಿ ತೆಗೆದರು. ಈ ಕೆಲಸ ನಾನೂ ಮಾಡಬೇಕು ಅಂತ ಅವತ್ತೇ ಅಂದುಕೊಂಡೆ.

ಎರಡು ಚಿಂತೆ ಇವೆ. ಹತ್ತನೇ ತನಕ ಕನ್ನಡ ಮೀಡಿಯಂ, ಇಂಗ್ಲಿಷ್ ಇನ್ನೂ ತಡವರಿಸುತ್ತೇನೆ. ಇನ್ನೊಂದು, "ಆ ಕಿರಣ ಮೈಗೆ ಬಡಿದರೆ ನಾಳೆ ಮಕ್ಕಳಾಗಲ್ಲ" ಅಂತ ಅಪ್ಪನಿಗೆ ಯಾರೋ ಹೇಳಿದ್ದಾರೆ. ಕ್ಲಾಸ್ ಶುರುವಾಗಲು ಎರಡು ತಿಂಗಳಿದೆ. ಅಷ್ಟರಲ್ಲಿ ಏನು ಕಲಿಯಲಿ?

ಹುಬ್ಬಳ್ಳಿ ಟೆಕ್ನಿಷಿಯನ್:

ತಂಗಿ, ಮೊದಲು ಅಪ್ಪನ ಮಾತಿಗೆ ಬರುತ್ತೇನೆ. ನಾನು ಹದಿನೈದು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ, ಎರಡು ಮಕ್ಕಳ ತಾಯಿ. ಎಕ್ಸ್‌ರೇ ಬರುವುದು ಬಟನ್ ಒತ್ತಿದಾಗ ಮಾತ್ರ. ಕೈ ಬಿಟ್ಟರೆ ಬಲ್ಬ್ ಆರಿದ ಹಾಗೆ, ರೂಮಿನಲ್ಲಿ ಏನೂ ಉಳಿಯಲ್ಲ. ಬಟನ್ ಒತ್ತುವಾಗ ನಾವು ಸೀಸದ ಗಾಜಿನ ಹಿಂದೆ ಇರುತ್ತೇವೆ. ಕಿರಣ ಹೊರಡುವ ಟ್ಯೂಬಿನಿಂದ ದೂರ ಎರಡು ಪಟ್ಟಾದರೆ ಬೀಳುವ ಕಿರಣ ನಾಲ್ಕರಲ್ಲಿ ಒಂದು ಪಾಲಾಗುತ್ತದೆ. ಎದೆಯ ಮೇಲೆ ಟಿಎಲ್‌ಡಿ ಬ್ಯಾಡ್ಜ್ ಹಾಕುತ್ತೇವೆ, ಮೈಗೆ ಬಿದ್ದ ಕಿರಣವನ್ನು ಅದು ಹಿಡಿದಿಡುತ್ತದೆ. ಸೀಸದ ಏಪ್ರನ್ ಇದ್ದರೆ ಅದರ ಒಳಗೆ. ಮೂರು ತಿಂಗಳಿಗೊಮ್ಮೆ ಅದನ್ನು ಲ್ಯಾಬಿಗೆ ಕಳಿಸಿ ಡೋಸ್, ಅಂದರೆ ಮೈಗೆ ಬಿದ್ದ ಕಿರಣ, ಎಷ್ಟು ಅಂತ ಅಳೆಯುತ್ತಾರೆ. ಐದು ವರ್ಷದ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್ (ಡೋಸ್ ಅಳೆಯುವ ಮಾನ) ದಾಟಬಾರದು, ಯಾವ ಒಂದು ವರ್ಷದಲ್ಲೂ 30 ದಾಟಬಾರದು. ಇದು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮ. ಬಸುರಿ ಅಂತ ಗೊತ್ತಾದ ವಾರವೇ ಇನ್‌ಚಾರ್ಜ್‌ಗೆ ಹೇಳಿದೆ. ವಾರ್ಡಿಗೆ ಒಯ್ಯುವ ಪೋರ್ಟಬಲ್ ಎಕ್ಸ್‌ರೇ, ಆಪರೇಷನ್ ರೂಮಿನ ಸಿ-ಆರ್ಮ್ ಎಕ್ಸ್‌ರೇ, ಈ ಎರಡೂ ಡ್ಯೂಟಿ ಬಿಡಿಸಿದರು. ಹೇಳಲು ನಾಚಬಾರದು, ಅಷ್ಟೇ.

ಇಂಗ್ಲಿಷ್ ಬಗ್ಗೆ ಜಾಸ್ತಿ ಹೆದರಬೇಡ. ನಾನೂ ಕನ್ನಡ ಮೀಡಿಯಂ. ಒಂದು ನೋಟ್‌ಬುಕ್ ತಗೋ, ದಿನಕ್ಕೆ ಹತ್ತು ಎಲುಬಿನ ಹೆಸರು ಬರಿ. ಸುಮ್ನೆ ಬಾಯಿಪಾಠ ಮಾಡಬೇಡ, ನಿನ್ನ ಮೈಮೇಲೇ ಬೆರಳಿಟ್ಟು ಹೇಳು. ಮೊಣಕೈ ಹಿಂದಿನ ಗಟ್ಟಿ ಗುಬ್ಬಿ ಓಲೆಕ್ರೆನಾನ್. ಪಾದದ ಕೀಲಿನ ಒಳಬದಿಯ ಗಂಟು ಮೀಡಿಯಲ್ ಮ್ಯಾಲಿಯೋಲಸ್. ಮುಂದೆ ಪೊಸಿಷನಿಂಗ್ ಮಾಡುವಾಗ, ಅಂದರೆ ಪೇಶಂಟನ್ನು ಸರಿಯಾದ ಭಂಗಿಗೆ ತರುವಾಗ, ಕೈ ಹುಡುಕುವುದು ಇವನ್ನೇ. ಪಿಯುಸಿ ಫಿಸಿಕ್ಸ್ ಪುಸ್ತಕ ಯಾರಿಗೂ ಕೊಡಬೇಡ, ಮತ್ತೆ ಬೇಕಾಗುತ್ತದೆ.

ಆದರೆ ಎಲ್ಲಕ್ಕಿಂತ ಮೊದಲು ಕಲಿಯಬೇಕಾದದ್ದು ಮಾತು. ಇಂಟರ್ನ್‌ಶಿಪ್‌ನಲ್ಲಿ ನವಲಗುಂದ ಕಡೆಯ ಒಬ್ಬ ಅಜ್ಜನಿಗೆ ಎದೆ ಎಕ್ಸ್‌ರೇ ಇತ್ತು. ಗದ್ದ ಮೇಲೆತ್ತಿಸಿದೆ. ಕೈ ಸೊಂಟಕ್ಕೆ ಇಡಿಸಿ ಮೊಣಕೈ ಮುಂದಕ್ಕೆ ತಳ್ಳಿಸಿದೆ. ಹಾಗೆ ಮಾಡಿದರೆ ಹೆಗಲ ರೆಕ್ಕೆ ಎಲುಬು ಶ್ವಾಸಕೋಶದ ಮೇಲಿಂದ ಸರಿಯುತ್ತದೆ. ಟ್ಯೂಬ್ ಆರು ಅಡಿ ದೂರ. ಎಲ್ಲಾ ಸರಿ ಇತ್ತು. ಒಳಗಿನಿಂದ "ಉಸಿರು ಹಿಡೀರಿ" ಅಂತ ಕೂಗಿದೆ. ಅಜ್ಜ ಉಸಿರು ಪೂರ್ತಿ ಬಿಟ್ಟು ಬಾಯಿ ಮುಚ್ಚಿಕೊಂಡರು. ಶ್ವಾಸಕೋಶ ಕುಗ್ಗಿ, ಫಿಲ್ಮ್ ಕೆಟ್ಟಿತು. ಮತ್ತೆ ತೆಗೆಯಬೇಕಾಯಿತು. ಆ ಎರಡನೇ ಡೋಸ್ ಅಜ್ಜನಿಗೆ ಬಿದ್ದದ್ದು ನನ್ನ ಅರೆಬರೆ ಮಾತಿನಿಂದ. ಅವತ್ತಿನಿಂದ ಪೇಶಂಟಿನ ಎದುರು ನಿಂತು ನಾನೇ ಉಸಿರು ಎಳೆದು ತೋರಿಸುತ್ತೇನೆ. "ಹೂ ವಾಸನೆ ನೋಡಿದಂಗ ಒಳಗ ಎಳಕೋರಿ, ಹಂಗ ಇರ್ರಿ." ಒಮ್ಮೆ ಅಭ್ಯಾಸ ಮಾಡಿಸಿ ಆಮೇಲೆ ಬಟನ್.

ನಿಮಗೆ ಗದಗದ ಜಿಮ್ಸ್ ಆಸ್ಪತ್ರೆ ಹತ್ತಿರ, ಅಲ್ವಾ? ಒಂದು ದಿನ ಎಕ್ಸ್‌ರೇ ವಿಭಾಗದ ಹೊರಗಿನ ಬೆಂಚಿನ ಮೇಲೆ ಒಂದು ತಾಸು ಕೂತು ನೋಡು. ಯಾರು ಹೇಗೆ ನಡೆದು ಬರುತ್ತಾರೆ, ಯಾರಿಗೆ ಕೈ ಎತ್ತಲು ಆಗಲ್ಲ, ಯಾರು ಹೆದರಿದ್ದಾರೆ. ಇದನ್ನು ಯಾವ ಪುಸ್ತಕವೂ ಕಲಿಸಲ್ಲ.

ಇನ್ನೊಂದು ಮಾತು. ಫೀಸ್ ಕಟ್ಟುವ ಮುಂಚೆ ಕಾಲೇಜಿಗೆ ಸ್ವಂತ ಆಸ್ಪತ್ರೆ ಇದೆಯಾ, ಸಿಟಿ ಸ್ಕ್ಯಾನ್, ಎಂಆರ್‌ಐ ಮೆಷಿನ್ ಇದೆಯಾ, ವಿದ್ಯಾರ್ಥಿಗಳ ಕೈಗೆ ಕೊಡುತ್ತಾರಾ ಅಂತ ಸೀನಿಯರ್‌ಗಳನ್ನು ಕೇಳು. ನಾನು ಓದಿದ ಕಡೆ ಇವು ಬರೀ ಬೋರ್ಡಿನ ಚಿತ್ರಗಳಾಗಿದ್ದವು. ಕೆಲಸಕ್ಕೆ ಸೇರಿದ ಮೇಲೆ ಅತ್ತುಕೊಂಡು ಕಲಿತೆ.

ಹಾವೇರಿ ಸೆಕೆಂಡ್ ಇಯರ್:

ಮೇಡಂ ಹೇಳಿದ್ದು ಸರಿ. ಮೊದಲ ವರ್ಷ ನಮಗೆ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿಯೇ ಜಾಸ್ತಿ ಇತ್ತು. ಮೆಷಿನ್ ಕಾಣಲಿಲ್ಲ ಅಂತ ಬೇಸರ ಮಾಡ್ಕೋಬೇಡಿ. ಎಡ-ಬಲ ಈಗಲೇ ರೂಢಿ ಮಾಡಿಕೊಳ್ಳಿ. ಎದುರಿಗೆ ನಿಂತವರ ಬಲಗೈ ನಮ್ಮ ಎಡಕ್ಕೆ ಇರುತ್ತದೆ. ಫಿಲ್ಮಿನಲ್ಲಿ ಎಡ-ಬಲ ತೋರಿಸುವ ಮಾರ್ಕರ್ ತಪ್ಪಿಟ್ಟರೆ ಡಾಕ್ಟರ್ ತಪ್ಪು ಕಡೆ ನೋಡುತ್ತಾರೆ.

ನವನಗರದಿಂದ:

ನಾನು ರೇಡಿಯೋಥೆರಪಿ, ಅಂದರೆ ಕಿರಣದಿಂದ ಕ್ಯಾನ್ಸರ್‌ಗೆ ಚಿಕಿತ್ಸೆ ಕೊಡುವ ಕಡೆ ಇದ್ದೇನೆ. ಇದು ಬೇರೆ ಕೋರ್ಸ್, ಅರ್ಜಿ ಹಾಕುವಾಗ ಗೊಂದಲ ಮಾಡಿಕೊಳ್ಳಬೇಡಿ. ಇಮೇಜಿಂಗ್‌ನಲ್ಲಿ ಪೇಶಂಟ್ ಹತ್ತು ನಿಮಿಷಕ್ಕೆ ಬಂದು ಹೋಗುತ್ತಾರೆ. ನಮ್ಮಲ್ಲಿ ವಾರಕ್ಕೆ ಐದು ದಿನ, ಎಷ್ಟೋ ಜನ ಐದಾರು ವಾರ, ಅದೇ ಮುಖ. ಗಂಟಲು ಕ್ಯಾನ್ಸರ್ ಇದ್ದವರಿಗೆ ಪ್ಲಾಸ್ಟಿಕ್ ಹಾಳೆಯನ್ನು ಬಿಸಿ ನೀರಲ್ಲಿ ಮೆತ್ತಗೆ ಮಾಡಿ, ಮುಖದ ಮೇಲೆ ಎಳೆದು ಮಾಸ್ಕ್ ಮಾಡುತ್ತೇವೆ. ದಿನವೂ ತಲೆ ಅದೇ ಜಾಗದಲ್ಲಿ ಇರಬೇಕಲ್ಲ, ಅದಕ್ಕೆ. ಆ ಹೊತ್ತಲ್ಲಿ ಅವರ ಕೈ ಹಿಡಿದುಕೊಂಡಿರಬೇಕು. ನಿಮ್ಮ ಅಜ್ಜನ ವಿಷಯ ಓದಿದೆ. ಇದೂ ನಿಮಗೆ ಹಿಡಿಸಬಹುದು, ಒಮ್ಮೆ ಯೋಚಿಸಿ.

ರೋಣದ ಹುಡುಗಿ:

ಎಲ್ಲರಿಗೂ ತುಂಬಾ ಧನ್ಯವಾದ. ಅಕ್ಕ, ನೀವು ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಬ್ಯಾಡ್ಜ್ ವಿಷಯ ಎರಡು ಸಲ ಕೇಳಿ ತಿಳಿದುಕೊಂಡರು. ಸೋಮವಾರ ಗದಗಕ್ಕೆ ಅವರೇ ಕರೆದುಕೊಂಡು ಹೋಗುತ್ತಾರಂತೆ. ಸಂಜೆ ಅವರನ್ನೇ ಗೋಡೆಗೆ ನಿಲ್ಲಿಸಿ "ಉಸಿರು ಹಿಡೀರಿ" ಅಂದೆ. ಅವರೂ ಪೂರ್ತಿ ಬಿಟ್ಟು ಬಾಯಿ ಮುಚ್ಚಿಕೊಂಡರು.