ಅಪ್‌ಡೇಟ್: ‘ಸಾರಿ’ಗೇ ನಿಂತುಹೋಗುತ್ತಿದ್ದ ಮಾತು ಮುಂದಕ್ಕೆ ಹೋಯ್ತು

ಹೋದ ವಾರ ಕೇಳಿದ್ದು: ರೆಸ್ಟೊರೇಟಿವ್ ಜಸ್ಟಿಸ್ (ತಪ್ಪು ಮಾಡಿದವರನ್ನೂ ನೊಂದವರನ್ನೂ ಎದುರುಬದುರು ಕೂರಿಸಿ, ಆದ ಹಾನಿಯನ್ನು ಮಾತಾಡಿ ಸರಿಪಡಿಸೋ ಪದ್ಧತಿ) ಫೆಸಿಲಿಟೇಟರ್, ಅಂದರೆ ಆ ಸಭೆ ನಡೆಸಿಕೊಡುವವರ, ತರಬೇತಿಯ ಅಣಕು ಸಭೆಯಲ್ಲಿ ತಪ್ಪು ಮಾಡಿದವರ ಪಾತ್ರದವರು ‘ಸಾರಿ’ ಅಂದು ಸುಮ್ಮನಾಗ್ತಾರೆ, ಏನ್ಮಾಡೋದು ಅಂತ.

ಕೈಹಿಡಿದಿದ್ದು ಪೂರ್ವಭೇಟಿಯ, ಅಂದರೆ ಸಭೆಗೆ ಮುಂಚೆಯೇ ಭೇಟಿಯಾಗೋ, ಸಲಹೆ. ಎರಡೂ ಕಡೆಯವರನ್ನು ಬೇರೆಬೇರೆಯಾಗಿ, ತಲಾ ಎರಡು ಸಲ ಕೂರಿಸಿಕೊಂಡು ‘ಏನಾಯ್ತು? ಆಗ ತಲೆಯಲ್ಲಿ ಏನಿತ್ತು? ಯಾರಿಗೆ ಪೆಟ್ಟಾಯ್ತು?’ ಅಂತ ಕೇಳಿದ್ದೇ ತಡ, ಮಾತು ಬಂತು. ‘ಯಾಕೆ ಮಾಡಿದೆ’ ಅಂದರೆ ಸಮರ್ಥನೆಯೇ ಶುರು. ಮಾತಿನ ಕೋಲು (ಅದನ್ನು ಹಿಡಿದವರಷ್ಟೇ ಮಾತಾಡಬೇಕು) ಕೈಯಿಂದ ಕೈಗೆ ದಾಟಿಸೋದು ಇಬ್ಬರೇ ಇದ್ದಾಗ ನಾಟಕದಂತಿತ್ತು. ಅದು ದೊಡ್ಡ ವೃತ್ತಕ್ಕೇ ಸರಿ.

ಸಭೆಯ ಕೊನೆಯ ಒಪ್ಪಂದದಲ್ಲಿ ‘ಚೆನ್ನಾಗಿ ನಡ್ಕೊಳ್ತೀನಿ’ ಬೇಡ. ಯಾರು, ಏನನ್ನು, ಯಾವ ತಾರೀಕಿನೊಳಗೆ ಅಂತ ಬರೆಯಿರಿ.

ಅಂದಹಾಗೆ, ಈ ಪದ್ಧತಿಗೆ ನಾಂದಿ ಹಾಡಿದ್ದು 1974ರಲ್ಲಿ ಕೆನಡಾದ ಎಲ್ಮೈರಾದಲ್ಲಿ, ತಾವೇ ಹಾಳುಗೆಡವಿದ ಮನೆಗಳ ಬಾಗಿಲು ತಟ್ಟಿದ ಇಬ್ಬರು ಹುಡುಗರಂತೆ!