ನೀರಲ್ಲಿ ಕರಗಿದರೂ ಔಷಧ ರಕ್ತಕ್ಕೆ ಸೇರಲ್ಲ ಯಾಕೆ?

ಕೇಳಿದವರು: ಬಿ.ಫಾರ್ಮ್ ಮೂರನೇ ವರ್ಷ
ಔಷಧ ನೀರಿನಲ್ಲಿ ಕರಗಬೇಕು, ಜೀವಕೋಶದ ಪೊರೆ ದಾಟಬೇಕು. ಎರಡೂ ಆದರೆ ಕೆಲಸ ಮುಗೀತು ಅಂದುಕೊಂಡಿದ್ದೆ. ಆದರೆ ಎರಡೂ ಸರಿಯಿದ್ದೂ ರಕ್ತಕ್ಕೆ ಕಡಿಮೆ ಸೇರುವ ಔಷಧಗಳಿವೆಯಂತೆ. ಸಣ್ಣ ಕರುಳಿನಲ್ಲಿ ಏನು ಅಡ್ಡ ಬರುತ್ತೆ? ಪುಸ್ತಕದಲ್ಲಿ ದೊಡ್ಡ ಪಟ್ಟಿಯೇ ಇದೆ, ಯಾವುದು ಮುಖ್ಯ ಅಂತ ತಿಳೀತಿಲ್ಲ.

ಲ್ಯಾಬ್‌ನವನು
ಲೋಳೆ ಪದರದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ, ಸಣ್ಣ ಅಣುಗಳು ಸಾಮಾನ್ಯವಾಗಿ ಅದನ್ನು ದಾಟುತ್ತವೆ. ಕೋಶ ಕೋಶಗಳ ನಡುವಿನ ಸಂದು ತುಂಬಾ ಬಿಗಿ, ಅಲ್ಲಿಂದ ನುಸುಳುವುದು ಸ್ವಲ್ಪವೇ. ನೀವು ಹೇಳುವಂಥ ಔಷಧಕ್ಕೆ ನಿಜವಾದ ಕಾಟ ಕೋಶದ ಒಳಗೆ ಹೋದ ಮೇಲೆ.

ನಾವು ಕಾಕೊ-2 ಕೋಶಗಳನ್ನು ತೂತುಗಳಿರುವ ತೆಳು ಫಿಲ್ಟರ್ ಮೇಲೆ ಸುಮಾರು 21 ದಿನ ಬೆಳೆಸುತ್ತೇವೆ. ಇವು ದೊಡ್ಡ ಕರುಳಿನ ಕ್ಯಾನ್ಸರ್‌ನಿಂದ ಬಂದವು, ಆದರೂ ಬೆಳೆದ ಮೇಲೆ ಸಣ್ಣ ಕರುಳಿನ ಕೋಶಗಳಂತೆ ನಡೆದುಕೊಳ್ಳುತ್ತವೆ. ವಿಚಿತ್ರ ಅಲ್ವಾ? ಎಲೆಕ್ಟ್ರೋಡ್ ಇಳಿಸಿ ವಿದ್ಯುತ್ ರೋಧ ನೋಡುತ್ತೇವೆ. ಕಡಿಮೆ ಬಂದರೆ ಪದರ ಸೋರುತ್ತಿದೆ ಅಂತ, ಆ ಪ್ಲೇಟ್ ಕಸಕ್ಕೆ. ಸರಿಯಿದ್ದರೆ ಡಿಗಾಕ್ಸಿನ್ ಎಂಬ ಹೃದಯದ ಔಷಧವನ್ನು ಒಂದು ಫಿಲ್ಟರ್‌ನಲ್ಲಿ ಮೇಲ್ಗಡೆ, ಇನ್ನೊಂದರಲ್ಲಿ ಕೆಳಗಡೆ ಹಾಕುತ್ತೇವೆ. ಮೇಲ್ಗಡೆ ಅಂದರೆ ಕರುಳಿನ ಒಳಭಾಗ, ಕೆಳಗಡೆ ರಕ್ತದ ಕಡೆ. ಸುಮ್ನೆ ಹರಡುವ ಹಾಗಿದ್ದರೆ ಎರಡೂ ಕಡೆ ವೇಗ ಒಂದೇ ಇರಬೇಕಿತ್ತು. ಆದರೆ ಕೆಳಗಿನಿಂದ ಮೇಲಕ್ಕೆ ಹಲವು ಪಟ್ಟು ಜೋರಾಗಿ ಬರುತ್ತೆ! ದೋಣಿಗೆ ನುಗ್ಗಿದ ನೀರನ್ನು ಮೊಗೆದು ಚೆಲ್ಲುವ ಹಾಗೆ, ಪಿ-ಗ್ಲೈಕೊಪ್ರೋಟೀನ್ ಎಂಬ ಪಂಪ್ ಔಷಧವನ್ನು ಕರುಳಿಗೇ ವಾಪಸ್ ಎಸೆಯುತ್ತೆ. ವೆರಪಮಿಲ್ ಎಂಬ ಇನ್ನೊಂದು ಔಷಧ ಹಾಕಿ ಪಂಪ್ ತಡೆದರೆ ವ್ಯತ್ಯಾಸ ಕುಗ್ಗುತ್ತೆ.

ಅದೇ ಕೋಶದಲ್ಲಿ ಔಷಧ ಒಡೆಯುವ ಸಿವೈಪಿ3ಎ4 ಕಿಣ್ವವೂ ಇದೆ. ಪಂಪ್ ಎಸೆದದ್ದು ಮತ್ತೆ ಒಳಗೆ ಬರುತ್ತೆ, ಮತ್ತೆ ಕಿಣ್ವದ ಕೈಗೆ ಸಿಗುತ್ತೆ. ಯಕೃತ್ತು ತಲುಪುವ ಮೊದಲೇ ಇಷ್ಟೆಲ್ಲ.

ಔಷಧ ಅಂಗಡಿ
ಗೋಡೆ ತಲುಪುವ ಮೊದಲೇ ಕೆಡೋದೂ ಇದೆ ಸರ್. ಥೈರಾಯ್ಡ್‌ನ ಲೆವೊಥೈರಾಕ್ಸಿನ್ ಮಾತ್ರೆಯ ಜೊತೆಗೇ ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ನುಂಗಿದರೆ ಅವು ಕರುಳಿನಲ್ಲೇ ಔಷಧಕ್ಕೆ ಅಂಟಿಕೊಂಡು ಅದನ್ನು ರಕ್ತಕ್ಕೆ ಸೇರಲು ಬಿಡಲ್ಲ. 4 ಗಂಟೆ ಅಂತರ ಬಿಡಿ ಅಂತ ದಿನಾ ಹೇಳುತ್ತೇನೆ. ತಲೆ ಆಡಿಸಿ ಹೋಗ್ತಾರೆ, ಅಷ್ಟೇ.

ಕೇಳಿದವರು
ಕೆಲವು ಔಷಧಗಳ ಜೊತೆ ಗ್ರೇಪ್‌ಫ್ರೂಟ್ ರಸ ಕುಡಿಯಬೇಡಿ ಅನ್ನೋದು ಈ ಕಿಣ್ವದಿಂದಲೇನಾ?

ಲ್ಯಾಬ್‌ನವನು
ಹೌದು. ಆ ರಸ ಮುಖ್ಯವಾಗಿ ಕರುಳಿನ ಸಿವೈಪಿ3ಎ4 ಅನ್ನು ಹಾಳು ಮಾಡುತ್ತೆ, ಯಕೃತ್ತಿನದನ್ನು ಅಷ್ಟಾಗಿ ಮುಟ್ಟಲ್ಲ. ಇದು ಸಿಕ್ಕಿದ್ದು ಆಕಸ್ಮಿಕವಾಗಿ. ರಕ್ತದೊತ್ತಡದ ಔಷಧ ಫೆಲೋಡಿಪಿನ್ ಜೊತೆ ಮದ್ಯದ ಪರಿಣಾಮ ನೋಡುವ ಪ್ರಯೋಗದಲ್ಲಿ ಮದ್ಯದ ರುಚಿ ಮುಚ್ಚಲು ಈ ರಸ ಬೆರೆಸಿದ್ದರು. ರಕ್ತದಲ್ಲಿ ಔಷಧ ನಿರೀಕ್ಷೆಗಿಂತ ಎಷ್ಟೋ ಜಾಸ್ತಿ ಬಂತು. ಕಿಣ್ವ ಹೊಸದಾಗಿ ತಯಾರಾಗಬೇಕು, ಅದಕ್ಕೇ ಬೆಳಗ್ಗೆ ರಸ, ರಾತ್ರಿ ಮಾತ್ರೆ ಅಂದರೂ ತಪ್ಪಿಸಿಕೊಳ್ಳೋಕಾಗಲ್ಲ.

ಒಂದು ಎಚ್ಚರಿಕೆ: ಕಾಕೊ-2ನಲ್ಲಿ ಈ ಕಿಣ್ವ ತೀರಾ ಕಡಿಮೆ, ಲೋಳೆಯೂ ಇಲ್ಲ. ಪಂಪ್ ನೋಡೋಕೆ ಒಳ್ಳೇದು. ಆ ಒಂದೇ ಪ್ಲೇಟ್ ನಂಬಿ ಎಷ್ಟು ಔಷಧ ರಕ್ತಕ್ಕೆ ಸೇರುತ್ತೆ ಅಂತ ಪರೀಕ್ಷೆಯಲ್ಲಿ ಬರೆಯಬೇಡಿ.